ಗ್ಲಾರುಸಿನ ಒಂದು ಪೀಠ, ಮಾರಿಸ್‌ಟೌನಿನ ಒಂದು ಮಧ್ಯಾಹ್ನ

೧೯೭೨ನೆಯ ಇಸವಿಯ ಫಾಲ್ಗುಣ ಮಾಸದ ಒಂದು ಶನಿವಾರ, ಸ್ನಾನಾಹ್ನಿಕಗಳನ್ನು ಮುಗಿಸಿ, ದೇವರಿಗೆ ಕೈಮುಗಿದು, ಜ್ಯಾಕ್ಸನ್ ಹೈಟ್ಸಿನ ಮಗಳ ಮನೆಯಿಂದ ಮಾರಿಸ್‌ಟೌನಿಗೆ ಹೊರಟೆನು. ಹಿಂದೆ ನಮ್ಮ ಅಳಿಯಂದಿರೊಡನೆ ಕೆಲಸ ಮಾಡಿ ನಿವೃತ್ತರಾದ ಫ್ರಿಡೋಲಿನ್ ಎಂಬ ಸ್ವಿಸ್ ವೃದ್ಧರು ನನ್ನನ್ನು ಊಟಕ್ಕೆ ಕರೆದಿದ್ದರು. ಊಟವೇನೋ ನೆಪ. ಅವರ ಪತ್ನಿ ಎಲ್ಸ್‌ಬೆತ್ ಹುಟ್ಟಿದ ನಾಡಾದ ಗ್ಲಾರುಸ್ ಕಣಿವೆಗೆ ಮರಳಿ ಅಲ್ಲಿಯೇ ನೆಲೆಸಬೇಕೆನ್ನುತ್ತಿದ್ದರು, ಇವರು ಒಲ್ಲೆನೆನ್ನುತ್ತಿದ್ದರು. "ಇಬ್ಬರೇ ಇರುವ ಮನೆಯಲ್ಲಿ ಬಹುಮತವೆಂಬುದು ಬರುವುದಿಲ್ಲ. ತಾವು ಬಂದು ತೀರ್ಮಾನ ಮಾಡಿಕೊಡಿ" ಎಂದು ಫ್ರಿಡೋಲಿನ್ ದೂರವಾಣಿಯಲ್ಲಿ ಕೇಳಿಕೊಂಡಿದ್ದರು.

ಮಗಳು ಚೀಲಕ್ಕೆ ಮೊಸರವಲಕ್ಕಿಯ ಡಬ್ಬಿಯನ್ನು ಇಡುತ್ತ, "ಅಪ್ಪಾ, ಹೊಬೋಕನ್‌ನಲ್ಲಿ ಟ್ರೈನ್ ಚೇಂಜ್ ಮಾಡಬೇಕು, ಮರೀಬೇಡಿ. ಅವರ ಮನೇಲಿ ಏನೂ ಮುಟ್ಟಲ್ಲ ಅಂತ ಹಟ ಮಾಡಬೇಡಿ, ಪಾಪ, ಆಂಟಿ ಫೀಲ್ ಮಾಡ್ಕೋತಾರೆ" ಎಂದಳು.

"ಹಟವಲ್ಲಮ್ಮ, ನೇಮ."

"ನೇಮಕ್ಕೂ ಒಂದು ವೀಕೆಂಡ್ ರಜಾ ಕೊಡಿ" ಎಂದು ನಕ್ಕಳು.

ಮೂವತ್ತೈದು ಸೆಂಟ್ ಕೊಟ್ಟು ಸಬ್‌ವೇ ಹತ್ತಿ ಮ್ಯಾನ್‌ಹಟನ್ ಸೇರಿದೆನು. ಅಲ್ಲಿಂದ ನದಿಯ ತಳದಲ್ಲಿ ಸಾಗುವ ರೈಲಿನಲ್ಲಿ ಹೊಬೋಕನ್. ತಲೆಯ ಮೇಲೆ ಅಷ್ಟು ದೊಡ್ಡ ನದಿ ಹರಿಯುತ್ತಿದೆಯೆಂದು ನೆನೆದು ಗಂಗಾಸ್ಮರಣೆ ಮಾಡಿದೆನು. ಹೊಬೋಕನ್ನಿನಿಂದ ಮುಂದಿನ ರೈಲು ಬಹಳ ನಿಧಾನ. ಊರೂರಿಗೂ ನಿಂತು, ಸಣ್ಣ ಬೆಟ್ಟಗಳ ನಡುವೆ ಸಾಗಿ, ಒಂದು ಗಂಟೆಗೂ ಮಿಕ್ಕಿ ನಡೆಯಿತು. ಹಳಿಗಳ ಪಕ್ಕದಲ್ಲಿ ಕೊಳೆಯಾದ ಹಿಮ ಇನ್ನೂ ಉಳಿದಿತ್ತು.

ನಿಲ್ದಾಣದಲ್ಲಿ ದಂಪತಿಗಳಿಬ್ಬರೂ ಕಾದಿದ್ದರು. ಫ್ರಿಡೋಲಿನ್ ಎಂಬುದು ಆ ಕಣಿವೆಯನ್ನು ಕಾಯುವ ಸಂತನ ಹೆಸರಂತೆ. ನಮ್ಮಲ್ಲಿ ಮನೆದೇವರ ಹೆಸರಿಡುವಂತೆಯೇ ಅಲ್ಲಿಯೂ ಇಡುತ್ತಾರೆಂದು ತಿಳಿದು ಸಂತೋಷವಾಯಿತು. ಮನೆಯಲ್ಲಿ ಎಲ್ಸ್‌ಬೆತ್ ನನಗಾಗಿ ಸೇಬು, ಕಾಯಿಸಿದ ಹಾಲು, ಚೀಸ್ ಎಂದು ಕರೆಯುವ ತಮ್ಮೂರಿನ ಗಟ್ಟಿಯಾದ ಹಸಿರು ಗಿಣ್ಣನ್ನು ಸಿದ್ಧಪಡಿಸಿದ್ದರು. "ಇದರಲ್ಲಿ ಹಾಲು, ಉಪ್ಪು, ಒಂದು ಸೊಪ್ಪು, ಇಷ್ಟೇ" ಎಂದು ಭರವಸೆಯಿತ್ತರು. ಆ ಸೊಪ್ಪು ಮೆಂತ್ಯದ ಬಳಗದ್ದಿರಬೇಕು. ಮೂಸಿದೊಡನೆ ನಮ್ಮ ಅಡುಗೆಮನೆಯ ಗಮಲು. ಚೂರು ತುರಿದು ಮೊಸರವಲಕ್ಕಿಯ ಮೇಲೆ ಉದುರಿಸಿಕೊಂಡೆನು. ಬಾಳಕದ ಮೆಣಸಿನಕಾಯಿ ಇಲ್ಲದ ಕೊರತೆ ನೀಗಿತು.

ಮೇಲಿನ ಹಲಗೆಯಿಂದ ಬಟ್ಟಲುಗಳನ್ನು ಇಳಿಸಲು ಎಲ್ಸ್‌ಬೆತ್ ಪತಿಯನ್ನೇ ಕೂಗಿದರು. ಆ ಚಳಿಗಾಲದಲ್ಲಿ ಆಕೆಯ ಬಲಭುಜ ಬಿಗಿದುಕೊಂಡಿತ್ತು. ಫ್ರಿಡೋಲಿನ್ ನಾಲ್ಕು ಬಟ್ಟಲುಗಳನ್ನು ತಂದು ಮೇಜಿನ ಮೇಲೆ ಎರಡೆರಡಾಗಿ ಇಟ್ಟರು.

"ನೋಡಿ ಪಂಡಿತರೇ, ನಮ್ಮ ದೇಶದ ಸಂಸತ್ತಿನಲ್ಲಿ ಎರಡು ಸಭೆ. ಒಂದು ನಾಡುಗಳ ಸಭೆ. ಅಲ್ಲಿ ಗ್ಲಾರುಸಿಗೆ ಇಬ್ಬರು, ದೊಡ್ಡ ಜ್ಯೂರಿಕ್ಕಿಗೂ ಇಬ್ಬರೇ. ಇನ್ನೊಂದು ಪ್ರಜೆಗಳ ಸಭೆ; ಅಲ್ಲಿ ಜನಸಂಖ್ಯೆಗೆ ತಕ್ಕಂತೆ ಪೀಠ. ನಮ್ಮ ಅಜ್ಜಂದಿರ ಕಾಲದಿಂದಲೂ ಅಲ್ಲಿ ನಮಗೆ ಎರಡಿದ್ದವು." ಹೀಗೆಂದು ಒಂದು ಬಟ್ಟಲನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಕಳೆದ ವರ್ಷದ ಚುನಾವಣೆಯಿಂದ ಒಂದೇ. ಪಟ್ಟಣಗಳು ಬೆಳೆದವು, ಕಣಿವೆ ಬೆಳೆಯಲಿಲ್ಲ. ಕುಗ್ಗುತ್ತಿರುವ ಊರಿಗೆ ಮುದುಕರು ಹೋಗಿ ಮಾಡುವುದೇನು?"

"ನಿಮ್ಮಂಥವರು ಬಿಟ್ಟು ಬಂದುದರಿಂದಲೇ ಅದು ಹೋದದ್ದು" ಎಂದರು ಎಲ್ಸ್‌ಬೆತ್.

"ನಾನೊಬ್ಬನೇ ಬಂದೆನೇ? ಹಡಗಿನಲ್ಲಿ ಪಕ್ಕದಲ್ಲಿ ಕುಳಿತು ವಾಂತಿ ಮಾಡಿಕೊಂಡವಳು ಯಾರು?"

ಆಕೆ ನನ್ನ ಕಡೆಗೆ ತಿರುಗಿದರು. "ಮೇ ತಿಂಗಳಲ್ಲಿ ನಮ್ಮೂರಿನ ಬಯಲಿನಲ್ಲಿ ನಾಡಿನವರೆಲ್ಲ ಸೇರಿ, ಕೈಯೆತ್ತಿ ಕಾನೂನು ಮಾಡುತ್ತಾರೆ. ಮಕ್ಕಳನ್ನು ವೇದಿಕೆಯ ಬುಡದಲ್ಲೇ ಕೂರಿಸುವುದು ಪದ್ಧತಿ. ಹುಡುಗಿಯಾಗಿದ್ದಾಗ ನಾನೂ ಅಲ್ಲಿ ಕುಳಿತಿದ್ದೆ. ದೊಡ್ಡವಳಾದೆ, ನನ್ನ ತಮ್ಮ ಕೈಯೆತ್ತುವವರ ವೃತ್ತದೊಳಗೆ ನಿಂತ, ನಾನು ಹೊರಗೆ ನಿಂತೆ. ಹೋದ ವರ್ಷ ಹೆಂಗಸರಿಗೂ ಮತದ ಹಕ್ಕು ಬಂತು, ದೇಶದ ಸಂಸತ್ತಿಗೂ, ಆ ಬಯಲಿಗೂ. ಆದರೆ ಅಲ್ಲಿ ನೆಲೆಸಿದವರಿಗೆ ಮಾತ್ರ. ಒಂದೇ ಒಂದು ಸಲ ಒಳಗೆ ನಿಂತು ಕೈಯೆತ್ತಬೇಕು ನಾನು."

ಫ್ರಿಡೋಲಿನ್ ಮೊಣಕಾಲ ಮೇಲಿನ ಬಟ್ಟಲನ್ನು ಒಮ್ಮೆ ತಿರುಗಿಸಿದರು. ಆಮೇಲೆ ಮೆಲ್ಲಗೆ, "ಅಲ್ಲಿ ನನ್ನನ್ನು ಬಲ್ಲವರು ಯಾರೂ ಉಳಿದಿಲ್ಲ. ಇಲ್ಲಿ ಬ್ರೆಡ್ ಅಂಗಡಿಯವನಾದರೂ ನನ್ನ ಹೆಸರು ಹಿಡಿದು ಕೂಗುತ್ತಾನೆ" ಎಂದರು. ಹಟವೆಂದು ನಾನು ಬಗೆದಿದ್ದುದು ಭಯವೆಂದು ಆಗ ತಿಳಿಯಿತು.

ಆ ಮನೆಯ ತೀರ್ಮಾನಗಳೂ ಬಯಲಿನ ಪದ್ಧತಿಯಂತೆಯೇ. ಪ್ರಶ್ನೆಯನ್ನು ಕೇಳಿ ಕೈಯೆತ್ತಿಸುವ ಅಧ್ಯಕ್ಷಸ್ಥಾನ ನನ್ನದು. "ಅಧ್ಯಕ್ಷನು ಕೈಗಳನ್ನು ಎಣಿಸುವುದಿಲ್ಲ. ನೋಡುತ್ತಾನೆ, ಯಾವ ಕಡೆ ಹೆಚ್ಚೆಂದು ಹೇಳುತ್ತಾನೆ. ಅಲ್ಲಿಗೆ ಮುಗಿಯಿತು" ಎಂದು ಫ್ರಿಡೋಲಿನ್ ವಿವರಿಸಿದರು. ಇಬ್ಬರ ಒಂದೊಂದು ಕೈಯಲ್ಲಿ ಹೆಚ್ಚು ಕಡಮೆಯನ್ನು ಹೇಗೆ ಕಾಣುವುದೆಂದು ಚಿಂತಿಸುತ್ತ ಎದ್ದು ನಿಂತೆನು.

"ಇಲ್ಲಿಯೇ ಉಳಿಯಬೇಕೆನ್ನುವವರು?"

ಫ್ರಿಡೋಲಿನ್ನರ ಕೈ ಧ್ವಜಸ್ತಂಭದಂತೆ ನೆಟ್ಟಗೆ ನಿಂತಿತು.

"ಮರಳಬೇಕೆನ್ನುವವರು?"

ಎಲ್ಸ್‌ಬೆತ್ ಬಲಗೈ ಎತ್ತಿದರು. ಅದು ಗಲ್ಲದವರೆಗೆ ಬಂದು ನಿಂತಿತು.

"ಅದು ಮತವೋ, ಹಲ್ಲುನೋವೋ?" ಎಂದರು ಪತಿ.

"ಎತ್ತುತ್ತೇನೆ, ಇರಿ."

"ಎಡಗೈ ಎತ್ತಿರಮ್ಮ, ಸಾಕು" ಎಂದೆನು.

"ಇಲ್ಲ. ಅಲ್ಲಿ ಬಲಗೈಯನ್ನೇ ಎತ್ತಬೇಕೆಂದಿದ್ದೇನೆ." ತುಟಿ ಕಚ್ಚಿ ಮತ್ತೆ ಪ್ರಯತ್ನಿಸಿದರು. ಕಣ್ಣಿನಲ್ಲಿ ನೀರಾಡಿತು.

ಫ್ರಿಡೋಲಿನ್ ಕುರ್ಚಿಯನ್ನು ಸರಿಸಿ ಎದ್ದರು. ಮೇಜನ್ನು ಸುತ್ತಿಕೊಂಡು ಬಂದು ಆಕೆಯ ಹಿಂದೆ ನಿಂತರು. ಮೊಣಕೈಯ ಕೆಳಗೆ ಅಂಗೈಯಿಟ್ಟು, ಹಸುಗೂಸನ್ನು ಎತ್ತುವ ಜೋಪಾನದಿಂದ, ಸ್ವಲ್ಪ ಸ್ವಲ್ಪವಾಗಿ ಆ ಕೈಯನ್ನು ಮೇಲಕ್ಕೆ ಒಯ್ದರು. ಮಣಿಕಟ್ಟು ಬಾಗಿತು, ಅಂಗೈಯನ್ನು ಅಲ್ಲಿಗೇ ಸರಿಸಿ ಹಿಡಿದರು. ಈಗ ಆಕೆಯ ನೆತ್ತಿಯ ಮೇಲೆ ಕೈ ನೆಟ್ಟಗೆ ನಿಂತಿತ್ತು.

ಸಭೆಯಲ್ಲಿ ಕುಳಿತವನು ಕಂಡದ್ದನ್ನು ಹೇಳಬೇಕೆಂದು ಹಿರಿಯರ ಶಾಸನ. ನಾನು ಶ್ರೀಹರಿಯನ್ನು ನೆನೆದು, ಕಂಡದ್ದನ್ನು ಹೇಳಿದೆನು. "ಉಳಿಯುವುದಕ್ಕೆ ಒಂದು ಕೈ. ಮರಳುವುದಕ್ಕೆ ಎರಡು."

"ಇದು ಅನ್ಯಾಯ! ನಾನು ಬರಿಯ ಆಸರೆ ಕೊಟ್ಟೆ."

"ಅಧ್ಯಕ್ಷನು ನೋಡುತ್ತಾನೆ, ಅಲ್ಲಿಗೆ ಮುಗಿಯಿತೆಂದು ತಾವೇ ಅಪ್ಪಣೆ ಕೊಡಿಸಿದಿರಿ. ಆಸರೆಗಿಂತ ದೊಡ್ಡ ಮತ ಯಾವುದಿದೆ ಸ್ವಾಮಿ?"

ಎಲ್ಸ್‌ಬೆತ್ ಅಳುತ್ತ ನಗುತ್ತ, "ಫ್ರಿಡೋ, ಇನ್ನು ಇಳಿಸಬಹುದು" ಎಂದರು. ಅವರು ಒಡನೆಯೇ ಇಳಿಸಲಿಲ್ಲ.

ಸಂಜೆ ನಿಲ್ದಾಣದವರೆಗೆ ಫ್ರಿಡೋಲಿನ್ ಒಬ್ಬರೇ ನನ್ನೊಡನೆ ನಡೆದು ಬಂದರು. ದಾರಿಯುದ್ದಕ್ಕೂ ನೆಲ ನೋಡುತ್ತಲೇ ನಡೆದರು. ನನ್ನ ತೀರ್ಪಿನಿಂದ ಆ ವೃದ್ಧರ ಮನಸ್ಸು ನೊಂದಿತೇನೋ ಎಂದು ಕಳವಳಪಟ್ಟೆನು. ರೈಲಿನ ದೀಪ ದೂರದಲ್ಲಿ ಕಂಡಾಗ ಅವರೇ ಬಾಯಿಬಿಟ್ಟರು.

"ಮೇ ತಿಂಗಳಲ್ಲೂ ಆ ಬಯಲಿನ ನೆಲ ಕೊರೆಯುತ್ತದೆ. ಗಂಟೆಗಟ್ಟಲೆ ನಿಲ್ಲಬೇಕು. ಅವಳ ಬೂಟು ತೀರ ಸವೆದಿದೆ."

"ಹೊಸ ಜೊತೆಯೊಂದನ್ನು ಕೊಡಿಸಿ."

ರೈಲು ಬಂದು ನಿಂತಿತು. ನಾನು ಹತ್ತಿ ಕಿಟಕಿಯ ಬಳಿ ಕುಳಿತೆನು. ಫ್ರಿಡೋಲಿನ್ ತಲೆತಗ್ಗಿಸಿ ತಮ್ಮ ಪಾದಗಳನ್ನು ನೋಡಿಕೊಳ್ಳುತ್ತಿದ್ದರು. ಗಾಡಿ ಅಲುಗಿದಾಗ ತಲೆಯೆತ್ತಿ, ಗಾಜಿನಾಚೆಗೂ ಕೇಳಿಸುವಂತೆ ಗಟ್ಟಿಯಾಗಿ ಕೂಗಿದರು: "ಎರಡು ಜೊತೆ!"