ಐದು ಸ್ವರದ ಮೇಷ್ಟ್ರು

ಎಪ್ಪತ್ತರ ದಶಕದಲ್ಲಿ ಬನ್ನಂಜೆಯಲ್ಲಿ ನಮಗೆ ಪಿಟೀಲು ಕಲಿಸಿದ ಮೇಷ್ಟ್ರು ನಾಲ್ವರಿಗೂ ಅವೇ ಐದು ಸ್ವರ ಕೊಟ್ಟು, ತಿರುಗಿ ತಿರುಗಿ ನುಡಿಸಲು ಹೇಳುತ್ತಿದ್ದರು. ಬೇಸರವಾಗ್ತದೆ ಎಂದು ನಾವು ಹೇಳಿದರೆ, "ಬಿಡಬೇಡಿ, ಬರ್ತದೆ" ಎನ್ನುವರು. ಬರುವುದೇನೆಂದು ಹೇಳಿದವರಲ್ಲ.

ಕಾಪುವಿನ ಒಂದು ವಾರ್ಷಿಕೋತ್ಸವದಲ್ಲಿ ನಾವು ಅದನ್ನೇ ನುಡಿಸಿದೆವು. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರು, "ರೆಕಾರ್ಡು ಸಿಕ್ಕಿಹಾಕಿಕೊಂಡಿದೆ, ಅಲ್ವಾ?" ಎಂದರು. ಸಭೆ ನಕ್ಕಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ನನ್ನತ್ತ ಕಿರುಬೆರಳೆತ್ತಿದರು. ಆ ಸನ್ನೆಗೆ ಏನು ಮಾಡಬೇಕೆಂದು ಮೊದಲೇ ಹೇಳಿಕೊಟ್ಟಿದ್ದಂತೆ, ನಾನೊಬ್ಬಳು ಒಂದು ಸ್ವರದಷ್ಟು ತಡೆದು, ಅದೇ ಐದು ಸ್ವರವನ್ನು ಉಳಿದವರ ಹಿಂದೆ ಹಿಂದೆ ನುಡಿಸತೊಡಗಿದೆ. ಉಳಿದ ಮೂವರು ತಮ್ಮ ಲಯ ಬಿಟ್ಟು ಕದಲಲಿಲ್ಲ. ನಮ್ಮ ನಡುವಿನಿಂದ ಹೊಸದೊಂದು ಹಾಡು ಎದ್ದಿತು. ನಗು ನಿಂತಿತು.

ಮುಗಿದ ಮೇಲೆ ಅಧ್ಯಕ್ಷರು ವೇದಿಕೆಗೇ ಬಂದರು. "ನಡುವೆ ಒಂದು ಹಾಡು ಕೇಳಿತಲ್ಲ, ಅದನ್ನು ಬಾರಿಸಿದ್ದು ಯಾರು ಮಾರಾಯ್ರೆ?"

ಮೇಷ್ಟ್ರು ಕಮಾನು ಒರೆಸುತ್ತಿದ್ದರು. "ಯಾರೂ ಬಾರಿಸಿದ್ದಲ್ಲ. ಬಂದದ್ದು."