ರೊಟ್ಟಿ ಕೇಂದ್ರದ ನಡುವಿನ ಸುಣ್ಣದ ಗೆರೆ

ಈ ವರ್ಷ ಏಪ್ರಿಲ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ, ನಾನು ವಾಡಿಯ ಒಂದು ರೊಟ್ಟಿ ಕೇಂದ್ರದ ಬಾಗಿಲಲ್ಲಿ ನಿಂತಿದ್ದೆ. ಬಲಗಾಲು ಹೊಸ್ತಿಲ ಒಳಗೆ, ಎಡಗಾಲು ಹೊರಗೆ. ಒಳಗೆ ಮೌಲಾಲಿ ಮೇಸ್ತ್ರಿ ಈ ಗೋಡೆಯಿಂದ ಆ ಗೋಡೆಗೆ ಸುಣ್ಣದ ಗೆರೆ ಎಳೆದು, ದಾರ ಬಿಗಿದು, ಮೊದಲ ಕಲ್ಲನ್ನು ಕೈಗೆತ್ತಿಕೊಂಡಿದ್ದರು. ಗೆರೆಯ ಆಚೆ ನಾಲ್ಕು ಒಲೆ, ಈಚೆ ನಾಲ್ಕು ಒಲೆ. ಎಂಟೂ ಹಂಚು ಕಾದಿದ್ದವು. ರೊಟ್ಟಿ ಬಡಿಯುವ ಸದ್ದು ಮಾತ್ರ ಇರಲಿಲ್ಲ. ಎಂಟು ಜನ ಹೆಂಗಸರು ಗೆರೆಯನ್ನೇ ನೋಡುತ್ತಿದ್ದರು. ಆ ಗೆರೆ ಬಿದ್ದದ್ದು ನಾನು ಬರೆದ ಒಂದು ವರದಿಯಿಂದ. ಅವರಿಗೆ ಆಗ ಅದು ಗೊತ್ತಿರಲಿಲ್ಲ.

ಕುಂದಾಪುರದ ಕಡೆಯವನಾದ ನಾನು ವಾಡಿಗೆ ಬಂದದ್ದು ಹಿಂದಿನ ಜುಲೈಯಲ್ಲಿ, ಒಂದು ಸಂಶೋಧನಾ ಸಂಸ್ಥೆಯ ಕೆಲಸಕ್ಕೆ. ಜನರ ಗುಂಪುಗಳ ನಡುವೆ ಪೂರ್ವಗ್ರಹ ಹೇಗೆ ಉಳಿಯುತ್ತದೆ, ಹೇಗೆ ಕರಗುತ್ತದೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಎಲ್ಲ ಸುತ್ತಬೇಕಿತ್ತು. ರೈಲು ಅನುಕೂಲವೆಂದು ವಾಡಿಯಲ್ಲಿ ಕೋಣೆ ಹುಡುಕಿದೆ.

"ಯಾವ ಮಂದಿ ನೀವು?"

ಮನೆಯೊಡತಿ ಮಹಾದೇವಿಯವರು ಬಾಗಿಲಲ್ಲೇ ಕೇಳಿದ ಮೊದಲ ಪ್ರಶ್ನೆ ಅದು. ನಮ್ಮ ಕಡೆ ಜಾತಿಯನ್ನು ಹೀಗೆ ಯಾರೂ ಕೇಳುವುದಿಲ್ಲ. "ನಿಮ್ ಮನಿ ಎಲ್ಲಾಯ್ತ್?" ಎನ್ನುತ್ತಾರೆ, ಯಾವ ದೇವಸ್ಥಾನದ ಹತ್ತಿರ ಎನ್ನುತ್ತಾರೆ, ಕಾಫಿ ಮುಗಿಯುವುದರೊಳಗೆ ತಿಳಿಯಬೇಕಾದದ್ದೆಲ್ಲ ತಿಳಿದಿರುತ್ತದೆ. ತಾವು ಕೇಳಲಿಲ್ಲವೆಂಬ ಸಮಾಧಾನವೂ ಅವರಿಗೆ ಉಳಿಯುತ್ತದೆ. ಇಲ್ಲಿ ನಾನು ಹೇಳಲೇಬೇಕಾಯಿತು.

"ಮೀನ ತಿಂತೀರೇನು?"

"ತಿನ್ನುತ್ತೇನೆ."

"ನನ್ನ ಖೋಲ್ಯಾಗ ಬೇಯಿಸಬ್ಯಾಡ್ರಿ. ಹೊರಗ ತಿಂದು ಬರ್ರಿ. ನಾ ಏನ್ ನಿಮ್ಮ ಬಾಯಿ ಮೂಸಿ ನೋಡಂಗಿಲ್ಲ."

ಖೋಲಿ ಎಂದರೆ ಕೋಣೆ. ಹೀಗೆ ನನಗೊಂದು ಖೋಲಿ ಸಿಕ್ಕಿತು.

ಮೊದಲ ಎರಡು ತಿಂಗಳು ಕಷ್ಟವಾಯಿತು. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ಗಂಟಲಿಗೆ ಜೋಳದ ರೊಟ್ಟಿ ಇಳಿಯುತ್ತಿರಲಿಲ್ಲ. ಒಣಹಾಕಿದ ಅಂಗಿಯ ಮೇಲೆ ಊರ ಕಾರ್ಖಾನೆಯ ಸಿಮೆಂಟಿನ ಧೂಳು ಕೂರುತ್ತಿತ್ತು. ಅಮ್ಮನಿಗೆ ಫೋನ್ ಮಾಡಿದರೆ ನಡುವೆ ಗೂಡ್ಸ್ ಗಾಡಿ ಬಂದು, ಅದು ದಾಟುವವರೆಗೆ ಇಬ್ಬರೂ ಸುಮ್ಮನಿರುತ್ತಿದ್ದೆವು. ರೊಟ್ಟಿ ತಿನ್ನಲು ಕಲಿಸಿದವರು ಶಾಂತಾಬಾಯಿ. ಮಹಾದೇವಿಯವರ ಜೊತೆ ರೊಟ್ಟಿ ಕೇಂದ್ರದಲ್ಲಿ ಕೆಲಸ ಮಾಡುವವರು, ದಲಿತರಿಂದ ಬೌದ್ಧರಾದ ಮನೆತನದವರು. "ಎರಡೂ ಕೈ ಹಚ್ಚಿ ಜಗ್ಗಬ್ಯಾಡ್ರಿ ಸರ, ಅದೇನ್ ಚರ್ಮ ಅಲ್ಲ. ಒಂದೇ ಕೈಲೆ ಮುರೀರಿ, ಪುಂಡಿಪಲ್ಯ ಒತ್ತಿಕೊಳ್ರಿ," ಎಂದರು. ಹುಳಿ ಸೊಪ್ಪಿನ ಆ ಪಲ್ಯ ಸೇರಿದ ಮೇಲೆ ರೊಟ್ಟಿ ಇಳಿಯತೊಡಗಿತು. ದೀಪಾವಳಿಯ ಹೊತ್ತಿಗೆ ಮೂರು ತಿನ್ನುತ್ತಿದ್ದೆ. ಅದನ್ನು ಅಮ್ಮನಿಗೆ ಪರೀಕ್ಷೆ ಪಾಸಾದವನ ಹಾಗೆ ಹೇಳಿದೆ.

ಕೇಂದ್ರದಲ್ಲಿ ನಾಲ್ವರು ಬೌದ್ಧ ಹೆಂಗಸರು, ಮಹಾದೇವಿಯವರೂ ಸೇರಿ ನಾಲ್ವರು ಲಿಂಗಾಯತ ಹೆಂಗಸರು. ಮೂರು ವರ್ಷದಿಂದ ಒಂದೇ ಸೂರಿನಡಿ ರೊಟ್ಟಿ ಬಡಿಯುತ್ತಿದ್ದರು. ಫೆಬ್ರವರಿಯಲ್ಲಿ ನಾನು ಅವರ ಮುಂದೆ ಪ್ರಶ್ನಾವಳಿ ಹಿಡಿದು ಕುಳಿತೆ. ಕೊನೆಯ ಪುಟದಲ್ಲಿ ಏಳು ಚಿತ್ರಗಳಿದ್ದವು, ಒಂದೊಂದರಲ್ಲಿ ಎರಡೆರಡು ವೃತ್ತ. ಮೊದಲನೆಯದರಲ್ಲಿ ವೃತ್ತಗಳು ಅಕ್ಕಪಕ್ಕ ಇದ್ದವು. ಮುಂದೆ ಹೋದಂತೆ ಒಂದರ ಮೇಲೊಂದು ಸರಿದು, ಏಳನೆಯದರಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದವು. ಒಂದು ವೃತ್ತ ನೀವು, ಇನ್ನೊಂದು ಅವರು. ನಿಮ್ಮ ನಂಟು ಯಾವ ಚಿತ್ರದ ಹಾಗಿದೆ? ಎಂಟೂ ಜನ ಮೊದಲ ಚಿತ್ರಕ್ಕೆ ಬೆರಳಿಟ್ಟರು. ನಮ್ಮ ಕೈಪಿಡಿಯ ಪ್ರಕಾರ ಅದು ಎಲ್ಲಕ್ಕಿಂತ ದೂರದ ನಂಟು. ಯಾಕೆ ಎಂದು ಕೇಳಬಾರದೆಂದೂ ಕೈಪಿಡಿಯಲ್ಲಿತ್ತು. ನಾನು ಕೇಳಲಿಲ್ಲ. "ಅನ್ಯೋನ್ಯತೆ ಕಾಣುವುದಿಲ್ಲ. ಸದ್ಯ ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡಿಸಿ, ನಿಧಾನವಾಗಿ ಹತ್ತಿರ ತರುವುದು ಒಳಿತು," ಎಂದು ಬರೆದೆ. ಕೇಂದ್ರ ನಡೆಸುವವರು ವರದಿ ಓದಿ, ನಡುವೆ ಗೋಡೆ ಕಟ್ಟಲು ಮೌಲಾಲಿ ಮೇಸ್ತ್ರಿಯನ್ನು ಕಳಿಸಿದರು.

ಈಗ ಮತ್ತೆ ಆ ಮಂಗಳವಾರಕ್ಕೆ ಬರುತ್ತೇನೆ. ಶಾಂತಾಬಾಯಿ ಎದ್ದು ನಿಂತರು. ಅವರು ನನ್ನನ್ನು ನೋಡಲಿಲ್ಲ, ಮೇಸ್ತ್ರಿಯನ್ನೂ ನೋಡಲಿಲ್ಲ. ಮಹಾದೇವಿಯವರ ಕಡೆ ತಿರುಗಿದರು.

"ನೀ ಹೇಳಿ ಕಟ್ಟಸಲಿಕತ್ತೀಯೇನವ್ವಾ?"

"ನಾನಾ? ನೀನೇ ಹೇಳಿರಬೇಕು ಅಂತ ನಾ ಕುಂತೀನಿ!"

"ಮೂರು ವರ್ಷ ನಿನ್ನ ಬಾಜೂಕ ಕುಂತು ಬಡದೀನಿ. ಬ್ಯಾಡಾಗಿದ್ರ ಬಾಯಿಲೆ ಹೇಳಬೇಕಿತ್ತು. ಗ್ವಾಡಿ ಕಟ್ಟಿ ಹೇಳ್ತಾರೇನು?"

ಮಹಾದೇವಿಯವರ ಕಣ್ಣು ತುಂಬಿತು. ಒಂದು ಹಂಚು ಹೊಗೆಯಾಡತೊಡಗಿತು. ಯಾರೂ ಅದರ ಕಡೆ ನೋಡಲಿಲ್ಲ. ಮೇಸ್ತ್ರಿ ಭಾರವಾಯಿತೆಂದು ಕಲ್ಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಆಮೇಲೆ ನಾನು ಹೇಳಿದೆ: "ಇವರು ಯಾರೂ ಹೇಳಿಲ್ಲ. ಬರೆದವನು ನಾನು."

ಚೀಲದಿಂದ ಆ ಪುಟ ತೆಗೆದು ನೆಲದ ಮೇಲಿಟ್ಟೆ. "ನೀವೆಲ್ಲ ಈ ಚಿತ್ರಕ್ಕೆ ಬೆರಳಿಟ್ಟಿರಿ," ಎಂದೆ.

"ಇಟ್ಟೀವಿ," ಎಂದರು ಶಾಂತಾಬಾಯಿ. "ಬಾಜೂಕ ಬಾಜೂಕ ಅದಾವ. ಚಂದ ಅದಾವ." ಬಾಜೂಕ ಎಂದರೆ ಪಕ್ಕದಲ್ಲಿ.

"ಹತ್ತಿರ ಇದ್ದೀರಿ ಎಂದರೆ ಈ ಏಳನೆಯದಕ್ಕೆ ಇಡಬೇಕಿತ್ತು."

ಅವರು ಬಗ್ಗಿ ಏಳನೆಯ ಚಿತ್ರವನ್ನು ನೋಡಿದರು. "ಇದು ಹತ್ರ ಅಂತೀರೇನು? ಇದ್ರಾಗ ಒಂದು ಹೋಗಿ ಇನ್ನೊಂದರ ಮ್ಯಾಲ ಕುಂತದಲ್ರಿ ಸರ. ಮ್ಯಾಲಿಂದು ಯಾರು, ಕೆಳಗಿಂದು ಯಾರು? ಕೆಳಗ ಇದ್ದು ಇದ್ದು ನಮಗ ಸಾಕಾಗಿ ಹೋಗ್ಯದ."

ಮಹಾದೇವಿಯವರು ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ಬಂದರು. "ಒಂದು ಹಂಚಿನ ಮ್ಯಾಲ ಎರಡು ರೊಟ್ಟಿ ಪೇರಿಸಿದ್ರ ಎರಡೂ ಹಸೀನೇ ಉಳಿತಾವ. ಇಷ್ಟು ಓದೀರಿ, ಇದು ಗೊತ್ತಿಲ್ಲೇನು ನಿಮಗ?"

"ಫರ್ಸಿನೂ ಹಂಗೇ ನೋಡ್ರಿ ಸರ," ಎಂದರು ಮೇಸ್ತ್ರಿ, ನೆಲಕ್ಕೆ ಹಾಸುವ ಶಹಾಬಾದ್ ಕಲ್ಲನ್ನು ತೋರಿಸುತ್ತ. "ಒಂದರ ಮ್ಯಾಲ ಒಂದು ಏರಿಸಿ ಹಾಸಿದ್ರ ಮಂದಿ ಎಡವಿ ಬೀಳ್ತಾರ. ನನ್ನ ಹೆಸರು ಕೆಡ್ತದ."

ಮೊದಲು ನಕ್ಕವರು ಯಾರು ಎಂದು ನನಗೆ ನೆನಪಿಲ್ಲ. ಕೊನೆಗೆ ನಕ್ಕವನು ನಾನು. ಮೇಸ್ತ್ರಿ ಕಲ್ಲನ್ನು ಹೊರಗಿಟ್ಟು ಬಂದು ಅಂಗಾಲಿನಿಂದ ಗೆರೆಯನ್ನು ಉಜ್ಜಿದರು.

ಆದರೆ ಶಾಂತಾಬಾಯಿ ಅಲ್ಲಿಗೆ ಬಿಡಲಿಲ್ಲ. "ದೂರ ಅಂಬೋದು ಬರೀಬೇಕಂದ್ರ ಖರೆ ಜಾಗಾದಾಗ ಬರೀರಿ ಸರ. ಮೂರು ವರ್ಷ ಆಯ್ತು, ಇಕಿ ಅಡಗಿಮನಿ ನಾ ನೋಡಿಲ್ಲ. ಅದು ಬರಕೋರಿ."

ನಗು ನಿಂತಿತು. ಮಹಾದೇವಿಯವರು ಹಿಟ್ಟಿನ ಉಂಡೆಯನ್ನು ಎರಡು ಸಲ ತಿರುಗಿಸಿದರು.

"ಕರದ್ರ ಬರ್ತೀಯೇನು?"

"ಮೊದಲ ಕರಿ."

"ಐತ್ವಾರ ಬಾ. ಶೇಂಗಾದ ಹೋಳಿಗಿ ಮಾಡ್ತೀನಿ."

"ನಿಮ್ಮತ್ತಿ?"

"ಅತ್ತಿ ಮಂಚದ ಮ್ಯಾಲ ಇರ್ತಾಳ. ನೀ ಅಡಗಿಮನ್ಯಾಗ ಇರ್ತಿ. ಇಬ್ಬರಿಗೂ ಜಾಗಾ ಅದ."

ಕೇಂದ್ರ ನಡೆಸುವವರಿಗೆ ನಾನು ಅದೇ ದಿನ ಬರೆದೆ: ತಪ್ಪು ಹೆಂಗಸರ ಬೆರಳಿನದಲ್ಲ, ಯಾಕೆ ಎಂದು ಕೇಳದ ನನ್ನದು. ಹದಿನೈದು ದಿನ ಫೋನಿನಲ್ಲಿ ವಾದವಾಯಿತು. ಗೋಡೆ ಬೇಡವೆಂದು ಕೊನೆಗೆ ಒಪ್ಪಿದರು. ಇಳಿಸಿದ ಕಲ್ಲುಗಳು ಅಂಗಳದಲ್ಲೇ ಇವೆ. ಮಧ್ಯಾಹ್ನ ಎಂಟೂ ಜನ ಅವುಗಳ ಮೇಲೆ ಕೂತು ಚಹಾ ಕುಡಿಯುತ್ತಾರೆ.

ಆ ಭಾನುವಾರ ಮಹಾದೇವಿಯವರ ಪಡಸಾಲೆಯ ಕಡೆಗಿರುವ ನನ್ನ ಖೋಲಿಯ ಬಾಗಿಲು ತೆರೆದಿತ್ತು. ಶಾಂತಾಬಾಯಿ ಹನ್ನೊಂದಕ್ಕೆ ಬಂದರು. ಪಡಸಾಲೆಯಲ್ಲಿ ಒಂದು ಗಳಿಗೆ ನಿಂತರು. "ಯಾರಕಿ?" ಎಂದರು ಮಂಚದ ಮೇಲಿನ ಅತ್ತೆ. "ನನ್ನ ಗೆಳತಿ," ಎಂದು ಮಹಾದೇವಿಯವರು ಒಳಗಿನಿಂದಲೇ ಹೇಳಿದರು. ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು. ಶಾಂತಾಬಾಯಿ ಅಡುಗೆಮನೆಯ ಒಳಗೆ ಹೋಗಿ, ಒಲೆಯ ಪಕ್ಕ ಮಣೆಯ ಮೇಲೆ ಕುಳಿತರು. ಹೋಳಿಗೆ ಬಂದಾಗ ಅತ್ತೆ ಈಚೆ ಹೊರಳಿದರು.

ಹೊರಡುವಾಗ ಶಾಂತಾಬಾಯಿ ನನ್ನ ಬಾಗಿಲಲ್ಲಿ ನಿಂತು ಕೇಳಿದರು: "ನಿಮ್ಮೂರಿಗಿ ಬಂದ್ರ ನಿಮ್ಮವ್ವ ನಮಗ ಅಡಗಿಮನಿಗಿ ಕರೀತಾರೇನ್ರಿ ಸರ?"

"ಕೇಳಬೇಕು," ಎಂದೆ.

"ಕೇಳಿ ಹೇಳ್ರಿ. ಅವಸರ ಇಲ್ಲ."

ಮೇ ತಿಂಗಳಲ್ಲಿ ಊರಿಗೆ ಹೋದೆ. ಅಮ್ಮ ಗಂಜಿ ಬಡಿಸಿದರು. ಎಷ್ಟು ದಿನದಿಂದ ಆಸೆಪಟ್ಟದ್ದು. ಆದರೂ ಮೂರನೆಯ ತುತ್ತಿಗೆ ಕೈ ರೊಟ್ಟಿ ಹುಡುಕಿತು. ನನ್ನ ಮಾತಿನಲ್ಲಿ ಎರಡು ಸಲ ವಾಡಿಯ "ಭಾಳ" ಬಂದು ಅಮ್ಮ ನಕ್ಕರು. ಅಡುಗೆಮನೆಯ ಬಾಗಿಲಿಗೆ ಒರಗಿ ಶಾಂತಾಬಾಯಿಯವರ ವಿಷಯವನ್ನೆಲ್ಲ ಹೇಳಿ, ಅವರು ಕೇಳಿದ್ದನ್ನು ಕೇಳಿದೆ. ಅಮ್ಮ ಪಾತ್ರೆ ಒರೆಸುತ್ತ ಪ್ರೀತಿಯಿಂದಲೇ ಹೇಳಿದರು: "ಬಪ್ಕ್ ಹೇಳ್ ಮಗಾ. ಚಾವಡೀಲಿ ಲಾಯ್ಕ್ ಗಾಳಿ ಬತ್ತ್, ಅಲ್ಲೇ ಕೂಕಂಬ." ಬರಲಿ, ಚಾವಡಿಯಲ್ಲಿ, ಎಂದರೆ ಮನೆಯ ಮುಂದಿನ ಪಡಸಾಲೆಯಲ್ಲಿ, ಕೂರೋಣ ಎಂದರ್ಥ; ಅಡುಗೆಮನೆಯ ಹೆಸರು ಬರಲಿಲ್ಲ.

ಆ ಮನೆ ನನ್ನದು. ವಾಡಿಯ ಖೋಲಿ ಬಾಡಿಗೆಯದು. ಜೂನ್ ಮೊದಲ ವಾರ ವಾಡಿಯಲ್ಲಿ ಗಾಡಿ ಇಳಿದಾಗ "ಮನೆಗೆ ಬಂದೆ" ಎನಿಸಿತೋ "ಮನೆ ಬಿಟ್ಟು ಬಂದೆ" ಎನಿಸಿತೋ, ನಿಖರವಾಗಿ ಹೇಳಲಾರೆ. ಶಾಂತಾಬಾಯಿಗೆ ಇನ್ನೂ ಉತ್ತರ ಹೇಳಿಲ್ಲ.

ಮಂಗಳವಾರದ್ದನ್ನು ನಾನು ತಪ್ಪಾಗಿ ಬರೆದಿದ್ದರೆ ತಿದ್ದಲು ಶಾಂತಾಬಾಯಿ, ಮಹಾದೇವಿ, ಮೌಲಾಲಿ ಮೇಸ್ತ್ರಿ ಮೂವರೂ ವಾಡಿಯಲ್ಲೇ ಗಟ್ಟಿಯಾಗಿದ್ದಾರೆ. ಭಾನುವಾರದ್ದಕ್ಕೆ ಅತ್ತೆಯೂ ಇದ್ದಾರೆ, ಕಿವಿ ಚುರುಕಾಗಿದೆ. ಚಾವಡಿಯ ಮಾತನ್ನು ಕೇಳಿದವನು ನಾನೊಬ್ಬನೇ. ಆಡಿದ ಅಮ್ಮ ಊರಿನಲ್ಲಿ ಆರೋಗ್ಯವಾಗಿದ್ದಾರೆ.