ಸಂಕಿರಣದ ದಿನ ಅಂಗೈಗೆ ಬಿದ್ದ ಎಣ್ಣೆ

ಕೊರೋನಾ ಗಲಾಟೆ ತಣ್ಣಗಾದ ಮರುವರ್ಷ ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ಹಿರಿಯ ಆಡಿಯಾಲಜಿಸ್ಟ್ ಆಗಿದ್ದೆ. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಯಂತ್ರದಲ್ಲಿ ಅಳೆದು ಹೇಳುವ ಕೆಲಸ. ಆ ವರ್ಷ ಕಿವಿಯ ಕಾಯಿಲೆಗಳ ಕುರಿತ ಒಂದು ದಿನದ ಸಂಶೋಧನಾ ವಿಚಾರ ಸಂಕಿರಣದ ಹೊಣೆ ನನ್ನ ಹೆಗಲೇರಿತು. ಮೈಕು, ಊಟ, ಬಂದವರಿಗೆ ವಸತಿ, ಎಲ್ಲವನ್ನೂ ಹೇಗೋ ತೂಗಿಸಿದೆ. ಎಡವಿದ್ದು ಒಂದು ಕಾಗದದಲ್ಲಿ.

ಪ್ರಬಂಧಗಳ ಜೊತೆಗೆ ಪ್ರಾತ್ಯಕ್ಷಿಕೆಯೂ ಇತ್ತು. ಸುತ್ತಲ ತಾಲ್ಲೂಕುಗಳ ಹತ್ತು ರೋಗಿಗಳ ಕಿವಿಯ ತಮಟೆಯನ್ನು ಕ್ಯಾಮೆರಾ ಮೂಲಕ ದೊಡ್ಡ ಪರದೆಯ ಮೇಲೆ ತೋರಿಸಬೇಕಿತ್ತು. ಒಪ್ಪಿಕೊಂಡ ಹತ್ತೂ ಮಂದಿಗೆ ಕಾಗದ ಬರೆದೆ. ಕೊನೆಯಲ್ಲಿ, "ಕಿವಿಗಳನ್ನು ಶುಚಿ ಮಾಡಿಕೊಂಡು ಬನ್ನಿ" ಎಂಬ ಒಂದು ಸಾಲನ್ನೂ ಸೇರಿಸಿದೆ.

ಆ ಹತ್ತು ಜನರಲ್ಲಿ ಕ್ಯಾಲನೂರಿನ ನಾರಾಯಣಮ್ಮ ಒಬ್ಬಳು. ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ ಅವಳದು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯ ತಮಟೆಯಲ್ಲಿ ತೂತು. ಹಾಲು ತಂದವರು ಹೇಳುವ ನಂಬರು ಕೇಳಿಸದೆ, ಇದ್ದ ಕೆಲಸವನ್ನೂ ಬಿಡಬೇಕಾಗುತ್ತದೇನೋ ಎಂಬ ಭಯ ಅವಳಿಗೆ. ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಆಗಬೇಕಾದರೆ ಕಿವಿ ಕೆಲವು ವಾರ ಒಣಗಿರಬೇಕು. ಎರಡು ತಿಂಗಳು ಔಷಧಿ ಕೊಟ್ಟು ಒಣಗಿಸಿದ್ದೆವು. ಸಂಕಿರಣಕ್ಕೆ ಬರುವ ಬೆಂಗಳೂರಿನ ಸರ್ಜನ್ ಅಂದೇ ನೋಡಿ, ಒಣಗಿದ್ದರೆ ಮುಂದಿನ ವಾರವೇ ಆಪರೇಷನ್ ಮಾಡುವುದಾಗಿ ಒಪ್ಪಿದ್ದರು. ಒದ್ದೆಯಾಗಿದ್ದರೆ ಮತ್ತೆ ಮೊದಲಿನಿಂದ.

ಬೆಳಿಗ್ಗೆ ಉದ್ಘಾಟನೆಗೆ ಮುಂಚೆ ರೋಗಿಗಳ ಕಿವಿಗಳನ್ನು ಒಮ್ಮೆ ನೋಡಿಬಿಡೋಣವೆಂದು ಕೂತೆ. ಮೊದಲು ಬಂದವರು ಆವನಿಯ ರಾಮಪ್ಪನವರು. ಟಾರ್ಚು ಹಿಡಿದರೆ ತಮಟೆಯೇ ಕಾಣಿಸದು. ಒಳಗೆಲ್ಲ ಮಿರಮಿರ ಹೊಳೆಯುವ ಹರಳೆಣ್ಣೆ.

"ಶುಚಿಯಾಗಿ ಬನ್ನಿ ಅಂದಿದ್ರಲ್ಲಮ್ಮ," ಎಂದರು. "ಅಷ್ಟು ದೊಡ್ಡ ಡಾಕ್ಟ್ರುಗಳ ಮುಂದೆ ಕಿವಿ ತೋರ್ಸೋದು ಅಂದ್ರೆ ಸುಮ್ನೇನಾ? ಎರಡಕ್ಕೂ ತುಂಬ ಬಿಟ್ಕೊಂಡಿದೀನಿ."

ವಕ್ಕಲೇರಿಯವರದೂ ಅದೇ, ಮಾಲೂರು, ಶ್ರೀನಿವಾಸಪುರದವರದೂ ಅದೇ. ಒಂಬತ್ತು ಜನ, ಒಂಬತ್ತೂ ಜನರ ಕಿವಿಯಲ್ಲಿ ಎಣ್ಣೆ. ನನ್ನ ಅಜ್ಜಿಯೂ ಶನಿವಾರದ ಅಭ್ಯಂಜನಕ್ಕೆ ಮೊದಲು ನನ್ನ ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುತ್ತಿದ್ದಳು. ನಮ್ಮ ಕಡೆ ಕಿವಿ ಶುಚಿ ಮಾಡುವುದೆಂದರೆ ಅದೇ. ಹಾಗೆ ಬೆಳೆದ ನಾನೇ ಅದನ್ನು ಮರೆತು ಆ ಸಾಲು ಬರೆದಿದ್ದೆ.

ನಾರಾಯಣಮ್ಮ ಇನ್ನೂ ಬಂದಿರಲಿಲ್ಲ. ಫೋನು ಮಾಡಿದರೆ ಅವಳಿಗೆ ಕೇಳಿಸದು. ತಡೆಯಲಾರದೆ ಹೊರಗೆ ಬಂದೆ. ಹಜಾರದ ಆ ತುದಿಯ ಬೆಂಚಿನ ಮೇಲೆ ನಾರಾಯಣಮ್ಮ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ಬಲಗಿವಿ ಮೇಲಕ್ಕೆ ಬರುವಂತೆ ಮಲಗಿದ್ದಳು. ಅತ್ತೆ ಚಿನ್ನಮ್ಮನ ಕೈಯಲ್ಲಿ ಸ್ಟೀಲಿನ ಚಮಚ.

ಬೇಡ, ಬೇಡ ಎಂದು ಕೂಗಿದೆ. ಸೊಸೆಗೆ ಕಿವಿ ಕೇಳಿಸದು, ಅತ್ತೆಗೆ ವಯಸ್ಸಿನ ಮಂದ. ನೆರಿಗೆ ಎತ್ತಿ ಹಿಡಿದು ಓಡಿದೆ. ಚಮಚ ಬಾಗುವ ಹೊತ್ತಿಗೆ ಸರಿಯಾಗಿ ಕಿವಿಯ ಮೇಲೆ ನನ್ನ ಅಂಗೈ ಒಡ್ಡಿದೆ. ಎಣ್ಣೆ ಬೆಚ್ಚಗೆ ಅಂಗೈಗೆ ಬಿತ್ತು.

"ಇದೇನಮ್ಮ ನೀವು!" ಚಿನ್ನಮ್ಮನಿಗೆ ಸಿಟ್ಟು. "ಕ್ಯಾಂಟೀನ್ನೋರನ್ನ ಕಾಡಿ ಬೇಡಿ ಬಿಸಿ ಮಾಡಿಸ್ಕೊಂಡು ಬಂದೆ. ಬೆಳಿಗ್ಗೆ ಎದ್ದು ಡೇರಿ ಡೇರಿ ಅಂತ ಓಡಿದ್ಳು ಈ ಮಹಾರಾಯ್ತಿ, ಎಣ್ಣೆ ಬಿಡೋಕೆ ಕೈಗೇ ಸಿಗ್ಲಿಲ್ಲ."

"ಸಿಗದೇ ಇದ್ದಿದ್ದು ಒಳ್ಳೇದಾಯ್ತು ಕಣಮ್ಮ," ಎಂದೆ. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಈಯಮ್ಮನಿಗೆ ಎಣ್ಣೆ ಕಂಡರೆ ಭಯವೆಂದು ಅತ್ತೆ ತೆಲುಗಿನಲ್ಲಿ ಗೊಣಗಿದಳು.

ಪ್ರಾತ್ಯಕ್ಷಿಕೆಯನ್ನು ಮಧ್ಯಾಹ್ನಕ್ಕೆ ತಳ್ಳಿ, ಪ್ರಬಂಧಗಳನ್ನು ಬೆಳಿಗ್ಗೆಗೇ ತಂದೆ. ಅಷ್ಟರಲ್ಲಿ ಕಿವಿ ವಿಭಾಗದವರು ಸಕ್ಷನ್ ಯಂತ್ರದಿಂದ ಒಂಬತ್ತೂ ಜನರ ಎಣ್ಣೆ ಎಳೆದು ತೆಗೆದರು. ಊಟವಾದ ಮೇಲೆ ಮೊದಲು ನಾರಾಯಣಮ್ಮನನ್ನೇ ಕೂರಿಸಿದೆವು. ಪರದೆಯ ಮೇಲೆ ರಾಗಿ ಕಾಳಿಗಿಂತ ತುಸು ದೊಡ್ಡ ತೂತು, ಸುತ್ತ ಒಣಗಿದ ತಮಟೆ. ಸರ್ಜನ್ ಹೇಳಿದ್ದು ಒಂದೇ ಮಾತು: "ಡ್ರೈ." ನಾನು ಗೋಡೆಗೊರಗಿ ನಿಂತೆ.

ಅಂದಿನಿಂದ ಯಾವ ಸೂಚನೆ ಬರೆದರೂ ಮೊದಲು ವಾರ್ಡಿನ ಆಯಾಗೋ ಸಾಲಿನಲ್ಲಿ ಕೂತವರಿಗೋ ಓದಿ ಹೇಳಿ, "ಇದನ್ನ ಕೇಳಿದ್ರೆ ಮನೇಲಿ ಏನು ಮಾಡ್ತೀರಿ?" ಎಂದು ವಿಚಾರಿಸುತ್ತೇನೆ. ಅವರ ಉತ್ತರ ನೋಡಿ ನನ್ನ ಕಾಗದ ತಿದ್ದುತ್ತೇನೆ. ನನ್ನ ವೃತ್ತಿ ಕಲಿಸಿದ ಪಾಠಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ.

ಆಪರೇಷನ್ ಆಗಿ ಕೆಲವು ತಿಂಗಳಿಗೆ ನಾರಾಯಣಮ್ಮ ಅತ್ತೆಯನ್ನೂ ಕರೆದುಕೊಂಡು ಪರೀಕ್ಷೆಗೆ ಬಂದಳು. ಡೇರಿಯ ಕೆಲಸ ಹಾಗೇ ಇತ್ತು. "ನಮ್ಮತ್ತೆ ಕಿವೀನೂ ಒಂಚೂರು ನೋಡಿ ಮೇಡಂ," ಎಂದಳು. "ಅವ್ರು ಕೂಗಿ ಮಾತಾಡೋದು ಈಗ ನಂಗೆ ತಡ್ಕೊಳ್ಳೋಕಾಗ್ತಿಲ್ಲ."

ಚಿನ್ನಮ್ಮ ಬಂದು ಕುರ್ಚಿಯಲ್ಲಿ ಕೂತು, ನಾನು ಕೇಳುವ ಮೊದಲೇ ಕಿವಿಯ ಮೇಲಿನ ಕೂದಲು ಸರಿಸಿ ತೋರಿಸಿದಳು.

"ನೋಡ್ಕೊಳ್ಳಮ್ಮ. ಒಂದು ತೊಟ್ಟೂ ಬಿಟ್ಕೊಂಡಿಲ್ಲ."